ಎರಡು ಡಬ್ಬಿ ಮಲ್ಲಿಗೆ

ಮಕ್ಕಳೇ, ನೀವು ವಿಜ್ಞಾನದ ಪಾಠ ತೆಗೆದು ವೇರಿಯಬಲ್, ಕಾನ್‌ಸ್ಟಂಟ್ ಎಂದು ಬಾಯಿಪಾಠ ಮಾಡುವಾಗ ನನಗೆ ಎರಡು ಎಣ್ಣೆ ಡಬ್ಬಿಗಳು ನೆನಪಾಗುತ್ತವೆ.

ಐವತ್ತರ ದಶಕದಲ್ಲಿ ಮದುವೆಯಾಗಿ ಉಡುಪಿ ಕಡೆಯಿಂದ ಘಾಟ್ಕೋಪರಿನ ಚಾಳಿಗೆ ಬರುವಾಗ ಅಮ್ಮನ ಮಲ್ಲಿಗೆಯ ಎರಡು ಗೆಲ್ಲುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಡಬ್ಬಿಗಳಲ್ಲಿ ನೆಟ್ಟೆ, ಎರಡೂ ಚಿಗುರಿದವು. ಒಮ್ಮೆ ಹೂ ಬಿಟ್ಟರೆ ಊರಿನ ವಾಸನೆ ಇಲ್ಲಿಗೂ ಬರುತ್ತದೆ ಎಂದು ಕಾಯುತ್ತಿದ್ದೆ. ವರ್ಷವಾದರೂ ಮೊಗ್ಗಿಲ್ಲ.

ನಿಮ್ಮ ಅಜ್ಜ ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದರು. ಹೂ ಯಾಕೆ ಬಿಡುವುದಿಲ್ಲ ಎಂದು ಪರೀಕ್ಷಿಸಲು ಒಂದು ಡಬ್ಬಿಯನ್ನು ಮನೆಗಳ ಮುಂದಿನ ಉದ್ದ ಗ್ಯಾಲರಿಯ ಬಿಸಿಲಿನ ತುದಿಯಲ್ಲಿ, ಇನ್ನೊಂದನ್ನು ನಮ್ಮ ಬಾಗಿಲ ನೆರಳಿನಲ್ಲಿ ಇಟ್ಟರು.

“ಮಣ್ಣು ಒಂದೇ, ನೀರು ದಿನಕ್ಕೆ ಒಂದೊಂದು ಲೋಟ. ಬಿಸಿಲು ಮಾತ್ರ ಬೇರೆ. ಮತ್ತೆ ಎಂತದೂ ಬದಲು ಮಾಡಬಾರದು, ಆಯ್ತಾ?”

ತಲೆಯಾಡಿಸಿದೆ.

ಹಿಂದಿ, ಮರಾಠಿ ಬಾರದ ನಾನು ಹೊಸ್ತಿಲು ದಾಟುತ್ತಿದ್ದುದೇ ಕಡಿಮೆ. ಬಾಗಿಲಿನ ಗಿಡವೇ ದಿನವಿಡೀ ನನ್ನ ಜತೆ. ಬಿಸಿಲು ಕಾಣದ ಅದಕ್ಕೆ, ಅವರು ಕೆಲಸಕ್ಕೆ ಹೋದ ಮೇಲೆ, ಅಕ್ಕಿ ತೊಳೆದ ನೀರು ಹಾಕತೊಡಗಿದೆ.

ಎರಡು ತಿಂಗಳಲ್ಲಿ ನೆರಳಿನ ಗಿಡ ದಟ್ಟ ಹಸಿರಾಯಿತು. ಬಿಸಿಲಿನದು ಬಡಕಲು, ಆದರೆ ಅದರ ತುದಿಯಲ್ಲಿ ಸಾಸಿವೆಯಷ್ಟು ಮೊಗ್ಗುಗಳನ್ನು ನಾನು ಕಂಡಿದ್ದೆ. ಅವರು ಕಂಡಿರಲಿಲ್ಲ.

“ನೋಡಿದೆಯಾ, ಇದಕ್ಕೆ ನೆರಳೇ ಆಗುವುದು!” ಎಂದು ಬಿಸಿಲಿನ ಡಬ್ಬಿಯನ್ನೂ ಎತ್ತಿ ನೆರಳಿಗೆ ತರಹೊರಟರು.

“ಬೇಡ!” ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ.

“ಎಂತ ಬೇಡ?”

“ನೆರಳಿನದ್ದಕ್ಕೆ ನಾನು ಅಕ್ಕಿ ತೊಳೆದ ನೀರು ಹಾಕ್ತಿದ್ದೆ.”

“ದಿನಾಲೂ?”

“ಏಕಾದಶಿ ಬಿಟ್ಟು.”

ಡಬ್ಬಿ ಕೆಳಗಿಟ್ಟು, ಪಕ್ಕದ ಮನೆಯವರು ಇಣುಕುವಷ್ಟು ನಕ್ಕರು. “ಎರಡೆರಡು ಬದಲಾದರೆ ಯಾವುದರಿಂದ ಎಂತಾಯಿತು ಅಂತ ಹೇಗೆ ಹೇಳುವುದು ಮಾರಾಯ್ತಿ? ಯಾಕೆ ಹಾಕಿದ್ದು?”

“ಪಾಪ ಅಂತ ಕಂಡಿತು.”

ಡಬ್ಬಿ ಬಿಸಿಲಿನಲ್ಲೇ ಉಳಿಯಿತು. ಕೆಲವು ದಿನಗಳಲ್ಲಿ ಏಳು ಹೂ ಅರಳಿದವು. ಹೊಲಿಗೆಯ ನೂಲಿನಲ್ಲಿ ಕಟ್ಟಿ ಮುಡಿದೆ. ಅವರು ನೋಟುಪುಸ್ತಕ ತೆರೆದು, ಪೆನ್ಸಿಲ್ ಹಿಡಿದು ಕೇಳಿದರು: “ಊರಿನದ್ದೇ ವಾಸನೆಯಾ?”

“ಹೌದು” ಎಂದೆ. ಬರೆದುಕೊಂಡರು.

ಅಲ್ಲ ಮಕ್ಕಳೇ. ಊರಿನಲ್ಲಿ ಅಮ್ಮ ಒದ್ದೆ ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದರು. ಆ ನಾರಿನ ವಾಸನೆಯೂ ಸೇರಿಯೇ ನನಗೆ ಮಲ್ಲಿಗೆ. ನಿಮ್ಮ ಅಜ್ಜನ ಮುಖದ ಸಂತೋಷ ನೋಡಿ ಅದನ್ನು ಹೇಳಲಾಗಲಿಲ್ಲ.

ಆ ನೋಟುಪುಸ್ತಕ ಈಗ ನನ್ನ ಟ್ರಂಕಿನಲ್ಲಿದೆ. ಆ ಸಾಲನ್ನು ತಿದ್ದಬೇಕೆಂದು ಎಷ್ಟೋ ಸಲ ಪೆನ್ಸಿಲ್ ತೆಗೆದಿದ್ದೇನೆ. ಅವರ ಅಕ್ಷರದ ಪಕ್ಕದಲ್ಲಿ ನನ್ನದನ್ನು ಬರೆಯಲು ಇವತ್ತಿಗೂ ನಾಚಿಕೆ.