ಗೊಂಬೆಯ ಕಡೆಯವರು

ಕೆಲಸದಲ್ಲಿರುವ ನರ್ಸುಗಳಿಗೆಂದು ರಾಯಚೂರಿನಲ್ಲಿ ನಡೆಯುತ್ತಿದ್ದ ಪದವಿ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ದೇವದುರ್ಗದ ಹಿರಿಯ ಸಿಸ್ಟರ್ ಒಬ್ಬರು. ಇಪ್ಪತ್ತು ವರ್ಷ ವಾರ್ಡು ನೋಡಿಕೊಂಡವರು. ಪೆನ್ನನ್ನೂ ಥರ್ಮಾಮೀಟರಿನಂತೆ ಎರಡು ಸಲ ಕೊಡವಿಯೇ ಬರೆಯುತ್ತಿದ್ದರು. ಎಲ್ಲಿ ಗುಂಪು ಕಂಡರೂ ಒಂದೇ ಮಾತು: “ಒಬ್ರು ಇರ್ರಿ, ಉಳಿದವ್ರು ಹೊರಗ ನಡ್ರಿ.” ಕ್ಯಾಂಟೀನಿನಲ್ಲಿ ಹಾಗೆಂದಾಗ ನಾವು ಅರ್ಧ ಚಹಾ ಬಿಟ್ಟು ಎದ್ದಿದ್ದೆವು.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅವರು ನನ್ನ ಕೈ ಬಿಡಲೇ ಇಲ್ಲ. “ಫೇಲಾದ್ರ ಮನಿಗೆ ಹೆಂಗ ಹೋಗ್ಲವ್ವಾ? ನನ್ನ ಮಗಳೇ ಇದನ್ನ ಪಾಸಾಗ್ಯಾಳ!”

ನಾನು ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತು ನೋಡುತ್ತಿದ್ದೆ. ಒಳಗೆ ರೋಗಿಯ ಬದಲು ರಬ್ಬರ್ ಗೊಂಬೆ ಮಲಗಿತ್ತು. ಸಿಸ್ಟರ್ ಹೋದವರೇ ಅದರ ತೋಳು ಸವರಿದರು. “ಹೆದರಬ್ಯಾಡ ಯಪ್ಪಾ, ಸೂಜಿ ಚುಚ್ಚಿದ್ದು ಗೊತ್ತೇ ಆಗಂಗಿಲ್ಲ.” ಪರೀಕ್ಷಕರಿಬ್ಬರೂ ಮಂಚದ ಮೇಲೆ ಬಗ್ಗಿದರು. ಸಿಸ್ಟರ್ ತಲೆ ಎತ್ತದೆಯೇ ಹೇಳಿದರು: “ಒಬ್ರು ಇರ್ರಿ, ಉಳಿದವ್ರು ಹೊರಗ ನಡ್ರಿ.”

ಹಿರಿಯ ಪರೀಕ್ಷಕರು ಅಂಕದ ಹಾಳೆಯನ್ನು ಎದೆಗೊತ್ತಿಕೊಂಡು ಹೊರಗೆ ಬಂದರು. ನಾನು ಸರಿದು ಜಾಗ ಕೊಟ್ಟೆ. ಇಬ್ಬರೂ ಬಾಗಿಲನ್ನೇ ನೋಡುತ್ತ ಕುಳಿತೆವು.

ಸ್ವಲ್ಪ ಹೊತ್ತಿಗೆ ಸಿಸ್ಟರ್ ಕೈ ಒರೆಸಿಕೊಳ್ಳುತ್ತ ಬಂದು ಅವರ ಹೆಗಲು ತಟ್ಟಿದರು. “ಆರಾಮ ಅದಾನ್ರಿ. ಒಂದೀಟು ಗಂಜಿ ಕುಡಿಸ್ರಿ.”

ಪರೀಕ್ಷಕರು ಎದ್ದು ನಿಂತು ಕೈ ಮುಗಿದರು. “ಎಷ್ಟೊತ್ತಿಗೆ ಕುಡಿಸ್ಲಿ, ಸಿಸ್ಟರ್?”

ಕೇಳಿದ ಮೇಲೆ ಕೈಯಲ್ಲಿದ್ದ ಹಾಳೆಯನ್ನು ನೋಡಿಕೊಂಡರು. ನನ್ನ ಪೆನ್ನು ತೆಗೆದುಕೊಂಡು ಪೂರ್ತಿ ಅಂಕ ಹಾಕಿದರು.