ಹಣಮಂತರಾಯರೂ ಸಬ್‌ವೇಯ ಮೂರನೆಯ ಬಾಯಿಯೂ

ಹಣಮಂತರಾಯರು ಕತ್ತಲಲ್ಲಿ ಫೈಲು ಹುಡುಕಬಲ್ಲರು. ಹಗಲಲ್ಲಿ ಸ್ವಂತ ಮನೆ ಹುಡುಕಲಾರರು. ಹೈದರಾಬಾದಿನ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತಾರು ವರ್ಷ ಕಳೆದ ಮನುಷ್ಯ. ಕರೆಂಟು ಹೋದಾಗ ಉಳಿದ ಗುಮಾಸ್ತರು ಚಹಾಕ್ಕೆ ಹೊರಡುತ್ತಿದ್ದರು. ಇವರು ಮಾತ್ರ ಕಪಾಟುಗಳ ನಡುವೆ ಕೈಯಾಡಿಸುತ್ತ ಹೋಗಿ, ಧೂಳಿಗೆ ಎರಡು ಸಲ ಸೀನಿ, ಬೇಕಾದ ಕಾಗದವನ್ನೇ ಹಿಡಿದುಕೊಂಡು ಬರುತ್ತಿದ್ದರು. ಆ ಸೀನು ಮೂರು ಮಹಡಿಗೂ ಕೇಳಿಸುವಂಥದ್ದು. ಫೈಲು ಸಿಕ್ಕಿತೆಂದು ಬೇರೆ ಹೇಳಿ ಕಳಿಸುವ ಅಗತ್ಯವಿರಲಿಲ್ಲ.

ಅದೇ ಮನುಷ್ಯ ಬೀದಿಗಿಳಿದರೆ ಮುಗಿಯಿತು. ಅಬಿಡ್ಸಿನ ಪೋಸ್ಟಾಫೀಸನ್ನು ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಹೊರಬಿದ್ದರೆ ಅವರ ಪಾಲಿಗೆ ಅದು ಪರವೂರು. ಒಮ್ಮೆ ನೆಂಟರನ್ನು ರೈಲು ಹತ್ತಿಸಲು ಬೇಗಂಪೇಟೆ ಸ್ಟೇಶನ್ನಿಗೆ ಹೋಗಿದ್ದರು. ನೆಂಟರು ಪ್ಲಾಟ್‌ಫಾರ್ಮಿನಲ್ಲೇ ಉಳಿದರು, ಇವರು ವಾಡಿಯಲ್ಲಿ ಇಳಿದರು. ರಾಜ್ಯಗಳನ್ನು ಹಂಚಿದ ವರ್ಷ ರಾಯಚೂರಿನ ಜೊತೆಗಾರರೆಲ್ಲ ಆ ಕಡೆಯ ನೌಕರಿ ಬೇಕೆಂದು ಬರೆದುಕೊಟ್ಟರೆ ಇವರು ಹೈದರಾಬಾದೇ ಸಾಕೆಂದರು. ಯಾಕೆಂದು ಕೇಳಿದವರಿಗೆ, "ಈ ಊರಾಗ ಎಲ್ಲೆಲ್ಲಿ ದಾರಿ ತಪ್ತೀನಿ ಅಂತ ಈಗ ಗೊತ್ತಾಗೈತಿ. ಬ್ಯಾರೆ ಊರಾಗ ಮತ್ತ ಮೊದಲಿಂದ ಕಲೀಬೇಕು" ಎಂದಿದ್ದರು.

ನೌಕರಿಯಲ್ಲಿ ಅವರು ಎರಡೇ ನೇಮ ಇಟ್ಟುಕೊಂಡಿದ್ದರು. ಒಂದು, ಕೇಳಿದ್ದಕ್ಕಷ್ಟೇ ಉತ್ತರ. ಎರಡು, ಮೇಜಿನ ಮೇಲೆ ಬಾಕಿ ಫೈಲು ಇರಕೂಡದು. ಸೊನ್ನೆ ಬಾಕಿಯೊಂದಿಗೆ ಕುರ್ಚಿ ಬಿಟ್ಟೇಳಬೇಕು ಎಂಬುದು ಅವರ ಜೀವಮಾನದ ಆಸೆ. ಬೇರೆಯವರು ಕಾಶಿಗೆ ಹೋಗಬೇಕೆನ್ನುತ್ತಾರೆ. ಕಾಶಿಗೆ ಹೋಗುವ ದಾರಿ ಇವರಿಗೆ ಹೇಗೂ ಸಿಗುವಂತಿರಲಿಲ್ಲ.

ನಿವೃತ್ತಿಗೆ ಎಂಟು ದಿನ ಉಳಿದಾಗ ಒಂದೇ ಒಂದು ಫೈಲು ಬಾಕಿಯಿತ್ತು.

ಅದು ಸುಲ್ತಾನ್ ಬಜಾರಿನ ಮಗ್ಗುಲಲ್ಲಿ, ನಾಲ್ಕು ರಸ್ತೆ ಕೂಡುವಲ್ಲಿ, ನೆಲದಡಿ ಕಟ್ಟಿದ್ದ ಸಬ್‌ವೇಯದು. ಜನ ರಸ್ತೆ ದಾಟಲು ಕೆಳಗಿಳಿದು, ನಡೆದು, ಮೇಲೆ ಹತ್ತಲಿ ಎಂದು ಹದಿನೈದು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಯೋಚಿಸಿದ್ದರು. ಬಸ್ಸಿನ ಮೂತಿಗೆ ಅಂಗೈ ತೋರಿಸಿ ದಾಟುವುದು ಗೊತ್ತಿರುವ ಊರಿಗೆ ಮೆಟ್ಟಿಲು ಮಾರಲು ಹೋದಂತಾಯಿತು. ಗಿರಾಕಿಯಿಲ್ಲದ ಅಂಗಡಿ ಎಷ್ಟು ದಿನ ತೆರೆದಿದ್ದೀತು? ಎರಡು ತಿಂಗಳಿಗೆ ಬೀಗ ಬಿತ್ತು. ನಕ್ಷೆಯಲ್ಲಿ ಅದಕ್ಕೆ ಮೂರು ಬಾಯಿ. ರಸ್ತೆಯ ಮೇಲೆ ಕಾಣುವುದು ಎರಡು. ಮೇಲಿನವರು ಫೈಲಿನಲ್ಲಿ ಎರಡು ಪ್ರಶ್ನೆ ಬರೆದಿದ್ದರು: ಮೂರನೆಯ ಬಾಯಿ ಎಲ್ಲಿದೆ? ಸಾರ್ವಜನಿಕರು ಅದನ್ನು ಬಳಸುತ್ತಿದ್ದಾರೆಯೇ?

"ಛೋಡೋ ಸಾಬ್" ಎಂದರು ಸಾಹೇಬರು. "ನಿಮ್ಮ ನಂತರ ಬರುವವನು ನೋಡಿಕೊಳ್ಳುತ್ತಾನೆ."

ಹಣಮಂತರಾಯರಿಗೆ ಅಂದು ಊಟ ರುಚಿಸಲಿಲ್ಲ. ಮರುದಿನ ಕಚೇರಿಯಿಂದ ಸಬ್‌ವೇಯ ಬೀಗದ ಕೈ ತಂದು, ತಾವೇ ಇಳಿದು ನೋಡುವುದಾಗಿ ಹೇಳಿದರು. ಹೆಂಡತಿ ಸುಂದರಾಬಾಯಿ ಒಲೆಯ ಮುಂದಿನಿಂದಲೇ ಕೇಳಿದಳು:

"ಒಬ್ಬರ ಹೋಗ್ತೀರಿ?"

"ಹೂಂ."

"ನೆಲದ ಮ್ಯಾಲೆ ಬಿಟ್ರ ವಾಡಿಗೆ ಹೋಗ್ತೀರಿ. ನೆಲದ ಕೆಳಗ ಬಿಟ್ರ ಎಲ್ಲಿ ಹೋಗ್ತೀರೋ ಯಾರಿಗೆ ಗೊತ್ತು? ತಡೀರಿ, ಬುತ್ತಿ ಕಟ್ಟತೀನಿ."

"ಅದು ರಸ್ತೆ ದಾಟೋ ದಾರಿ, ಸುಂದರಾ. ಈ ಕಡಿಂದ ಆ ಕಡಿಗೆ ಅಷ್ಟ."

"ನಿಮ್ಮ ಜೋಡಿ ದಾಟೂದಂದ್ರ ಎರಡ ಹೊತ್ತಿನ ಬುತ್ತಿ ಬೇಕು."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಡಬ್ಬಿ, ಎರಡು ಟಾರ್ಚುಗಳ ಸಮೇತ ಗಂಡಹೆಂಡತಿ ಪಾತಾಳಕ್ಕೆ ಇಳಿದರು. ಬೀಗ ತೆಗೆಯುವಾಗ ಪಕ್ಕದಲ್ಲಿ ಕಡಲೆ ಹುರಿಯುತ್ತಿದ್ದವನು, "ಎಲ್ಲಿಗೆ ಹೋಗುತ್ತದೆ ಇದು?" ಎಂದು ಇವರನ್ನು ಕೇಳಿ, "ಗೋಲ್ಕೊಂಡಾಕು" ಎಂದು ತಾನೇ ಉತ್ತರ ಕೊಟ್ಟುಕೊಂಡ. ಹೈದರಾಬಾದಿನಲ್ಲಿ ಯಾವ ತೂತು ಕಂಡರೂ ಅದು ಗೋಲ್ಕೊಂಡಕ್ಕೇ ಹೋಗುವುದು. ಇಲಿಯ ಬಿಲಕ್ಕೂ ವಿನಾಯಿತಿಯಿಲ್ಲ.

ಕೆಳಗೆ ತಂಪಾಗಿತ್ತು. ಮೇಲಿನ ಬಸ್ಸುಗಳ ಸದ್ದು ದೂರದಲ್ಲಿ ಯಾರೋ ಹಿಟ್ಟು ಬೀಸಿದಂತೆ ಕೇಳುತ್ತಿತ್ತು. ಇಕ್ಕೆಲದಲ್ಲೂ ಯಾರೂ ಬಾಡಿಗೆಗೆ ಹಿಡಿಯದ ಪುಟ್ಟ ಅಂಗಡಿಗಳು, ಪ್ರತಿಯೊಂದರ ನೆತ್ತಿಯ ಮೇಲೆ ಬಿಳಿ ಬಣ್ಣದ ನಂಬರು. ಉಗುಳಬಾರದೆಂದು ತೆಲುಗು, ಉರ್ದು, ಇಂಗ್ಲಿಷ್ ಮೂರರಲ್ಲೂ ಬರೆದ ಹಲಗೆ. ಉಗುಳಲೂ ಒಬ್ಬರು ಬಂದಿರಲಿಲ್ಲ, ಹಲಗೆ ಹೊಸದರಂತೆಯೇ ಇತ್ತು.

ಆಗ ಸುಂದರಾಬಾಯಿ ಮೂವತ್ತು ವರ್ಷದ ಸಂಸಾರದಲ್ಲಿ ಕಾಣದ್ದನ್ನು ಕಂಡಳು. ಗಂಡ ಮುಂದೆ ನಡೆಯುತ್ತಿದ್ದರು. ನಿಲ್ಲದೆ, ಕೇಳದೆ, ಎಡವದೆ.

"ಎಲ್ಲಿ ಹೊಂಟೀರಿ?"

"ನಾಲ್ಕರ ಮುಂದ ಐದು, ಐದರ ಮುಂದ ಆರು. ಇದರಾಗ ತಪ್ಪೂದೇನೈತಿ? ಮ್ಯಾಲಿನ ಊರಿಗೆ ಯಾರರ ಹಿಂಗ ನಂಬರ ಹಾಕಿದ್ರ ನಾ ಯಾಕ ವಾಡಿಗೆ ಹೋಗ್ತಿದ್ದೆ?"

ಎಂಟನೆಯ ನಂಬರಿನ ಕಟ್ಟೆಯ ಮೇಲೆ ಕುಳಿತು ರೊಟ್ಟಿ ತಿಂದರು. ಅದು ಆ ಮಾರ್ಕೆಟ್ಟಿನಲ್ಲಿ ಆದ ಮೊಟ್ಟಮೊದಲ ವಹಿವಾಟು. ಕೈ ಒರೆಸಿಕೊಂಡು ಹದಿನಾಲ್ಕನೆಯ ನಂಬರಿನ ಹತ್ತಿರ ತಿರುಗಿದರೆ, ನಕ್ಷೆಯಲ್ಲಿದ್ದಂತೆಯೇ ಮೂರನೆಯ ಕವಲು. ಅದರ ತುದಿಗೆ ಮೆಟ್ಟಿಲು ಶುರುವಾಗುವ ಜಾಗದಲ್ಲಿ ಯಾರೋ ಅಡ್ಡಲಾಗಿ ತಗಡು ಹೊಡೆದಿದ್ದರು. ಮೊಳೆಯ ತೂತುಗಳಿಂದ ಬೆಳಕು ಬರುತ್ತಿತ್ತು. ಬೆಳಕಿನ ಜೊತೆ ಮಾತೂ ಬರುತ್ತಿತ್ತು.

"ನಾಕ ವರ್ಷ ಆತಲ್ಲೋ ಸೂಗಪ್ಪ, ಆ ಬದನಿಕಾಯಿ ಬಣ್ಣದ ಸೀರಿ ಇನ್ನೂ ನಿನ್ನ ಹಂತ್ಯಾಕ ಐತಿ?"

ಸುಂದರಾಬಾಯಿ ಗಂಡನ ತೋಳು ಹಿಡಿದಳು. ಸೂಗಪ್ಪ ಅವಳ ಸ್ವಂತ ತಮ್ಮ. ಸುಲ್ತಾನ್ ಬಜಾರಿನಲ್ಲಿ ಸೀರೆ ಅಂಗಡಿ. ಅಂಗಡಿಯ ಹಿಂದೆ ನಿಜಾಮರ ಕಾಲದ ತಹಖಾನಾ, ಅಂದರೆ ನೆಲಮಾಳಿಗೆ ಇದೆ, ಅದರ ಮೆಟ್ಟಿಲು ಗೋಲ್ಕೊಂಡಕ್ಕೆ ಇಳಿಯುತ್ತದೆ ಎಂದು ಹತ್ತು ವರ್ಷದಿಂದ ನೆಂಟರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಸರ್ಕಾರ ಮರೆತ ಜಾಗವನ್ನು ಬಜಾರು ಮರೆಯುವುದುಂಟೆ? ಹಿಂದಿನ ಮಾಲೀಕ ಮೂರನೆಯ ಬಾಯಿಗೆ ಸೂರು ಹಾಕಿ ಅಂಗಡಿ ಮಾಡಿದ್ದ. ಸೂಗಪ್ಪ ಅದನ್ನು ತಹಖಾನಾ ಸಮೇತ ಕೊಂಡಿದ್ದ. ಈಗ ಆ ಮೆಟ್ಟಿಲಿನ ಮೇಲೆ ಕುಳಿತು ಪಕ್ಕದ ಬಳೆ ಅಂಗಡಿಯ ಚನ್ನಬಸಪ್ಪನ ಜೊತೆ ಚಹಾ ಕುಡಿಯುತ್ತಿದ್ದ.

"ಇರ್ಲಿ ಬಿಡೋ" ಎಂದಿತು ಸೂಗಪ್ಪನ ದನಿ. "ಪಂಚಮಿ ಬರಾಕತ್ತೈತಿ. ನಮ್ಮಕ್ಕಗ ಕೊಟ್ರಾತು. ತವರಿನ ಸೀರಿ ಅಂದ್ರ ಕಣ್ಣಿಗೊತ್ತಿಕೊಂಡು ಉಡ್ತಾಳ. ಹೋದ ವರ್ಷದ್ದೂ ಹಂಗ ದಾಟಿಸೀನಿ, ಅದರ ಹಿಂದಿನದ್ದೂ."

ಸುಂದರಾಬಾಯಿ ಆ ಹಿಂದಿನದನ್ನೇ ಉಟ್ಟಿದ್ದಳು. ಟಾರ್ಚಿನ ಬೆಳಕು ಸೆರಗಿನ ಮೇಲೆ ಹರಿಸಿ ಒಮ್ಮೆ ನೋಡಿಕೊಂಡಳು. ಆಮೇಲೆ ಅದೇ ಟಾರ್ಚಿನಿಂದ ತಗಡಿಗೆ ಮೂರು ಬಾರಿಸಿದಳು.

"ಸೂಗ್ಯಾ!"

ಮೇಲೆ ಚಹಾದ ಬಸಿ ಒಡೆದ ಸದ್ದು.

"ಏ ಸೂಗ್ಯಾ! ಒಡಹುಟ್ಟಿದಾಕಿಗೆ ಮಾರಾಕಾಗದ್ದು ಉಡಸ್ತೀ ಏನೋ ಮೂಳಾ?"

ಈ ಲೋಕದಲ್ಲಿ ಸೂಗಪ್ಪನನ್ನು ಹಾಗೆ ಕರೆಯುತ್ತಿದ್ದವಳು ಒಬ್ಬಳೇ, ತಾಯಿ ಅಂಬವ್ವ. ಅವಳು ತೀರಿಕೊಂಡು ಆರು ವರ್ಷವಾಗಿತ್ತು. ದನಿಯನ್ನು ಮಾತ್ರ ಮಗಳಿಗೆ ಬಿಟ್ಟು ಹೋಗಿದ್ದಳು. ಅಕ್ಕ ತಮ್ಮನೊಂದಿಗೆ ಯಾವತ್ತೂ ಮೆತ್ತಗೆ ಮಾತಾಡುತ್ತಿದ್ದುದರಿಂದ ಅವನಿಗೆ ಅದು ಗೊತ್ತಿರಲಿಲ್ಲ. ಚನ್ನಬಸಪ್ಪ ಚಪ್ಪಲಿ ಬಿಟ್ಟು ಓಡಿದ್ದು ತಗಡಿನಾಚೆಗೂ ಕೇಳಿಸಿತು.

"ಅವ್ವಾ! ತಪ್ಪಾತ ಅವ್ವಾ! ಈ ಪಂಚಮಿಗೆ ಅಕ್ಕಗ ಖರೇ ಇಳಕಲ್ ಸೀರಿ ಕೊಡ್ತೀನಿ, ನಿನ್ನಾಣಿ!"

"ಸೆರಗು?"

"ರೇಶ್ಮಿದು ಅವ್ವಾ! ಟೋಪ ತೆನಿ ಸೆರಗು!"

"ಖಣ?"

"ಎರಡ ಕೊಡ್ತೀನಿ!"

ಅವಳು ಇನ್ನೂ ಏನೇನು ಕೇಳುತ್ತಿದ್ದಳೋ. ಅಷ್ಟರಲ್ಲಿ ಧೂಳಿಗೆ ಹಣಮಂತರಾಯರ ಸೀನು ಎರಡು ಸಲ ಸಿಡಿಯಿತು. ಸಬ್‌ವೇ ತುಂಬಾ ಮೊಳಗಿ ಹಿಂದಕ್ಕೆ ಬಂತು. ಆಮೇಲೆ ಸೂಗಪ್ಪನ ಅಳುವ ದನಿ:

"ಅವ್ವಾ... ನಿನ್ನ ಜೋಡಿ ಮಾಮಾ ಯಾಕ ಅದಾರ? ಅವರು ಯಾವಾಗ ಹೋದ್ರು?"

ತಗಡು ಬಿಚ್ಚಿ ಮೂವರೂ ಒಂದೇ ಮೆಟ್ಟಿಲ ಮೇಲೆ ಕುಳಿತದ್ದು ಅರ್ಧ ಗಂಟೆಯ ಮೇಲೆ. ಮಾಮಾನನ್ನು ಜೀವಂತ ಕಂಡ ಸೂಗಪ್ಪನ ಸಂತೋಷ ಇಳಕಲ್ ಸೀರೆಯ ನೆನಪಾಗುವವರೆಗೆ ಬಾಳಿಕೆ ಬಂತು. ಮಾಮಾನ ಕಂಕುಳಲ್ಲಿದ್ದ ಫೈಲು ನೋಡಿದ ಮೇಲಂತೂ ಮುಖವೇ ಇಳಿಯಿತು.

"ಮಾಮಾ, ಇದನ್ನ ನೀವು ಬರದ್ರ ನನ್ನ ತಹಖಾನಾ ಹೋಗತೈತಿ. ಅರ್ಧ ಅಂಗಡಿ ಹೋಗತೈತಿ."

"ಬರೀಲಿಲ್ಲ ಅಂದ್ರ ನನ್ನ ಮೇಜಿನ ಮ್ಯಾಲೆ ಬಾಕಿ ಉಳೀತೈತಿ" ಎಂದರು ಹಣಮಂತರಾಯರು. ಎರಡೂ ಅಷ್ಟೇ ದೊಡ್ಡ ನಷ್ಟವೆಂಬಂತೆ ಇತ್ತು ಅವರ ಮುಖ.

ಸುಂದರಾಬಾಯಿ ಉಳಿದ ರೊಟ್ಟಿಯನ್ನು ತಮ್ಮನ ಕೈಗಿಟ್ಟಳು. ಮೋಸಗಾರನಾದರೂ ತವರೆಂದು ಇದ್ದುದು ಆ ಒಂದು ಅಂಗಡಿಯೇ. "ಅಲ್ರಿ, ಫೈಲಿನಾಗ ಅಂಗಡಿ ಐತೇನು ಅಂತ ಕೇಳ್ಯಾರೇನು?"

"ಇಲ್ಲ."

"ಏನ ಕೇಳ್ಯಾರ?"

"ಎಲ್ಲಿ ಐತಿ, ಜನ ಬಳಸ್ತಾರೇನು. ಎರಡ ಪ್ರಶ್ನಿ."

"ಕೇಳಿದ್ದಕ್ಕಷ್ಟ ಉತ್ತರಾ ಅಂತ ದಿನಾ ಹೇಳ್ತೀರಿ. ಎಲ್ಲಿ? ಸುಲ್ತಾನ್ ಬಜಾರಿನಾಗ. ಬಳಸ್ತಾರ? ಹೂಂ, ಬಳಸ್ತಾರ."

"ಬಳಸೂದಿಲ್ಲಲ್ಲ! ಸುಳ್ಳ ಬರೀಲಾ?"

"ಬಳಸೂಹಂಗ ಮಾಡಿದ್ರಾತು. ಸೂಗ್ಯಾ, ಇಲ್ಲಿನ ಸೀರಿ ಗಂಟು ಎತ್ತು. ಮೆಟ್ಟಲಾ ಗುಡಿಸು. ನಾಳಿಂದ ಗಿರಾಕಿ ಇಲ್ಲಿ ಹತ್ತಿ ಇಳೀಬೇಕು."

ಸೂಗಪ್ಪ ಹನ್ನೆರಡೂ ಮೆಟ್ಟಿಲು ತೊಳೆದು, ಬಲ್ಬು ಹಾಕಿ, ಮೆಟ್ಟಿಲ ಮೇಲೆಲ್ಲ ಹಳೆಯ ಸೀರೆ ಜೋಡಿಸಿದ. ಗಿರಾಕಿ ಮಾತ್ರ ಇಳಿಯಲಿಲ್ಲ. ಚನ್ನಬಸಪ್ಪ ಚಪ್ಪಲಿ ಬಿಟ್ಟು ಓಡಿದವನು ಬಾಯಿ ಬಿಟ್ಟು ಹೋಗಿರಲಿಲ್ಲ. ಸೂಗಪ್ಪನ ತಹಖಾನಾದಲ್ಲಿ ಅವನ ಸತ್ತ ತಾಯಿ ಸೀರೆಯ ವ್ಯಾಪಾರಕ್ಕೆ ಕುಳಿತಿದ್ದಾಳೆಂದು ಬಳೆ ತೊಡಿಸುತ್ತ ತೊಡಿಸುತ್ತ ಇಡೀ ಬಜಾರಿಗೆ ಹಂಚಿದ್ದ. ಹೆಂಗಸರು ಬಾಗಿಲಲ್ಲೇ ನಿಂತು ಇಣುಕಿ ಹೋಗುತ್ತಿದ್ದರು.

ಹಾಗೇ ನಿವೃತ್ತಿಯ ದಿನ ಬಂತು. ಸಂಜೆ ಐದಕ್ಕೆ ಕುರ್ಚಿ ಬಿಡಬೇಕು. ಮಧ್ಯಾಹ್ನ ಮೂರಾದರೂ ಹಣಮಂತರಾಯರು ಫೈಲು ಬಿಚ್ಚಿಕೊಂಡು, ಪೆನ್ನಿನ ಟೊಪ್ಪಿಗೆ ತೆಗೆದುಕೊಂಡು ತಹಖಾನಾದ ಮೇಲಿನ ಮೆಟ್ಟಿಲ ಹತ್ತಿರ ನಿಂತೇ ಇದ್ದರು. ಸೂಗಪ್ಪ ತಾನೇ ನಾಲ್ಕು ಸಲ ಹತ್ತಿ ಇಳಿದು, "ನೋಡ್ರಿ ಮಾಮಾ, ಬಳಸಿದೆ, ಬರೀರಿ" ಎಂದ.

"ನೀ ಸಾರ್ವಜನಿಕ ಅಲ್ಲ. ನನ್ನ ಹೆಂಡತಿ ತಮ್ಮ."

ಸುಂದರಾಬಾಯಿ ಇನ್ನು ತಡೆಯಲಿಲ್ಲ. ಅಂಗಡಿಯ ಬಾಗಿಲಿಗೆ ಹೋಗಿ ಸೊಂಟಕ್ಕೆ ಸೆರಗು ಸಿಕ್ಕಿಸಿ, ಅಂಬವ್ವನ ದನಿಯಲ್ಲೇ ಬಜಾರು ಕೇಳುವಂತೆ ಕೂಗಿದಳು: "ಬರ್ರೆವ್ವಾ! ಒಂದೊಂದ ಮೆಟ್ಟಲಾ ಇಳದಂಗ ಒಂದೊಂದ ದರಾ ಇಳೀತೈತಿ! ಕಡೀ ಮೆಟ್ಟಲಕ್ಕ ಅರ್ಧಾ! ನಮ್ಮವ್ವನ ಹುಕುಂ ಐತಿ!"

"ಅಕ್ಕಾ! ಅರ್ಧಾ?" ಸೂಗಪ್ಪ ಗೋಡೆ ಹಿಡಿದುಕೊಂಡ.

ಅರ್ಧ ದರವೆಂದರೆ ಭೂತಕ್ಕೆ ಯಾರು ಕೇರ್ ಮಾಡುತ್ತಾರೆ? ಕಾಚಿಗೂಡದ ಶಿವದೇವಮ್ಮನೆಂಬ ಮುದುಕಿ, ಎರಡೂ ಮೊಣಕಾಲು ಹಿಡಿದವಳು, ಎಲ್ಲರನ್ನೂ ತಳ್ಳಿಕೊಂಡು ಮೊದಲು ಇಳಿದಳು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ಇದ್ದದ್ದು ಅದೊಂದೇ, ಬದನೆಕಾಯಿ ಬಣ್ಣಕ್ಕೆ ಕಿತ್ತಳೆ ಅಂಚು. ಅದನ್ನು ಬಗಲಿಗೆ ಹಾಕಿಕೊಂಡು ಏದುಸಿರು ಬಿಡುತ್ತ ಹತ್ತಿ ಬಂದಳು. ಅವಳ ಹಿಂದೆ ಬಜಾರೇ ಇಳಿಯಿತು.

"ಅಮ್ಮಾ, ನೀವು ನಮಗ ಏನರ ಬಳಗಾ ಆಗ್ಬೇಕೇನು?" ಹಣಮಂತರಾಯರು ಶಿವದೇವಮ್ಮನನ್ನು ತಡೆದು ಕೇಳಿದರು.

"ನೀ ಯಾರೋ ಮಾರಾಯಾ? ದಾರಿ ಬಿಡು."

ಅಷ್ಟು ಸಾಕಾಗಿತ್ತು. ಮೂವತ್ತಾರು ವರ್ಷ ಪಳಗಿದ ಕೈಯಿಂದ ಮೊದಲ ಪ್ರಶ್ನೆಯೆದುರು 'ಸುಲ್ತಾನ್ ಬಜಾರಿನಲ್ಲಿ' ಎಂದೂ ಎರಡನೆಯದರೆದುರು 'ಬಳಸುತ್ತಿದ್ದಾರೆ' ಎಂದೂ ಬರೆದು, ಕೆಳಗೆ ಗೆರೆ ಎಳೆದರು. ಗಂಟೆ ನಾಲ್ಕೂಕಾಲು.

ಕಚೇರಿಗೆ ನಡೆದರೆ ಇಪ್ಪತ್ತು ನಿಮಿಷದ ದಾರಿ, ಆದರೆ ಅದು ಬೇರೆಯವರಿಗೆ. ಸುಂದರಾಬಾಯಿ ಆಟೋ ನಿಲ್ಲಿಸಿ, ಗಂಡನನ್ನು ಒಳಗೆ ಕೂಡಿಸಿ, ಡ್ರೈವರನಿಗೆ ಅವನದೇ ಉರ್ದುವಿನಲ್ಲಿ ತಾಕೀತು ಮಾಡಿದಳು: "ದೇಖೋ ಭಾಯಿ, ಬೀಚ್ ಮೇ ಉತಾರ್ನಾ ನಕ್ಕೋ. ಪಹುಂಚೇ ಬೋಲ್ಕೆ ಚಿಟ್ಠಿ ಲಾನಾ." ನಡುದಾರಿಯಲ್ಲಿ ಇಳಿಸಕೂಡದು, ತಲುಪಿದರೆಂದು ಚೀಟಿ ತಂದುಕೊಟ್ಟರೇ ಬಾಡಿಗೆ.

ಐದೂವರೆಗೆ ಆಟೋ ತಿರುಗಿ ಬಂತು. ಸೂಗಪ್ಪ ಖಾಲಿಯಾದ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ನಾಲ್ಕು ವರ್ಷದ ಹಳೆಯ ಸರಕೆಲ್ಲ ಒಂದೇ ಮಧ್ಯಾಹ್ನ ಖರ್ಚಾದದ್ದಕ್ಕೆ ನಗಬೇಕೋ, ಅರ್ಧಕ್ಕೆ ಹೋದದ್ದಕ್ಕೆ ಅಳಬೇಕೋ ಅವನಿಗಿನ್ನೂ ಗೊತ್ತಾಗಿರಲಿಲ್ಲ. ಸುಂದರಾಬಾಯಿ ಡ್ರೈವರ್ ಕೊಟ್ಟ ಚೀಟಿ ಬಿಚ್ಚಿದಳು. ಕಚೇರಿಯ ಕಾಗದ, ಕಚೇರಿಯ ಮೊಹರು, ಗಂಡನದೇ ಮುತ್ತಿನಂಥ ಅಕ್ಷರ, ಕೆಳಗೆ ಸಾಹೇಬರ ಸಹಿ:

'ಹಣಮಂತರಾಯ ಒಂದು, ಫೈಲು ಒಂದು, ಎರಡೂ ಸುಸ್ಥಿತಿಯಲ್ಲಿ ತಲುಪಿವೆ. ಬಾಕಿ ಇಲ್ಲ.'