ಬೇವಿನ ಸೊಪ್ಪು ಕಟ್ಟಿದ ಕಾವಲು

ತುಮಕೂರಿನಿಂದ ಬೆಳಿಗ್ಗೆ ಹೊರಟ ಬಸ್ಸು ಕೊರಟಗೆರೆ ದಾಟುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಕಿಟಕಿಯಲ್ಲಿ ಚನ್ನರಾಯನದುರ್ಗದ ಬೆಟ್ಟ ಕಂಡಿತು, ಕಣ್ಣೆತ್ತಿ ನೋಡುವ ಉತ್ಸಾಹವಿರಲಿಲ್ಲ. ಅದು ಎಂಬತ್ತರ ದಶಕದ ಶುರು. ಪಾವಗಡದ ಕಡೆ ಪಾಳುಬಿದ್ದ ಜಮೀನಿನಲ್ಲಿ ನೀಲಗಿರಿ ನೆಡುವ ಯೋಜನೆ ಬಂದಿತ್ತು. ನೆಡುವ ಮೊದಲು ಅಲ್ಲಿ ಏನಿದೆಯೆಂದು ಸರ್ವೆ ಆಗಬೇಕು. ಗಿಡ ಗುರುತಿಸಲು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವ ನನ್ನನ್ನು ಕರೆದಿದ್ದರು.

ಮಧುಗಿರಿಯಲ್ಲಿ ಸರ್ವೆಯ ಸಾಹೇಬರು ಜೀಪು ತಂದು ಕಾಯುತ್ತಿದ್ದರು. ಡ್ರೈವರ್ ಬಾಷಾ ಸಿರಾದವನು. "ಗಟ್ಟಿ ಹಿಡ್ಕೊಳ್ಳಿ ಮೇಡಂ, ರೋಡು ಪೂರಾ ಖರಾಬು," ಅಂದ. ಸುಳ್ಳು ಹೇಳಿರಲಿಲ್ಲ. ಪಾವಗಡ ಮುಟ್ಟಿ, ಹುರುಳಿ ಸಾರಿನಲ್ಲಿ ಮುದ್ದೆ ಉಂಡು, ಪ್ರವಾಸಿ ಮಂದಿರದಲ್ಲಿ ಮಲಗಿದೆವು.

ಮಾರನೆಯ ದಿನ ಊರಾಚೆಯ ಕಾವಲಿಗೆ, ಊರವರ ಕುರಿ ಮೇಯುವ ಹುಲ್ಲುಗಾವಲಿಗೆ, ಹೋದೆವು. ಮೃಗಶಿರ ಮಳೆ ಬಿದ್ದು ಕರಡದ ಹುಲ್ಲು ಹಿಮ್ಮಡಿ ಮುಚ್ಚುವಷ್ಟು ಎದ್ದಿತ್ತು. ಆ ಸೀಮೆಯಲ್ಲಿ ಅಷ್ಟು ಹಸಿರು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಸಾಹೇಬರು ಸುತ್ತ ಕಣ್ಣಾಡಿಸಿ, "ಒಂದು ಕುರಿ ಇಲ್ಲ. ಯಾರಿಗೂ ಬೇಡದ ಜಾಗ," ಅಂದರು.

ಗಡಿಕಲ್ಲಿನ ಹತ್ತಿರ ಕೂತಿದ್ದ ಹೆಂಗಸು ಎದ್ದು ಬಂದಳು. ಸಣ್ಣಮ್ಮ, ಕುರಿ ಸಾಕುವ ಮನೆಯವಳು. "ಏಮಿ ಸಾಮಿ, ಏನು ಅಳೀತಿದೀರಿ?" ಎಂದು ಕೇಳಿದಳು. ವಿಷಯ ತಿಳಿದ ಮೇಲೆ ಕಲ್ಲಿಗೆ ಸುತ್ತಿದ್ದ ಬೇವಿನ ಸೊಪ್ಪು ತೋರಿಸಿದಳು. "ಸೊಪ್ಪು ಕಟ್ಟಿದೀವಿ. ಹುಲ್ಲು ಬೀಜ ಉದುರ್ಸೋ ಗಂಟ ಯಾರೂ ಒಳೀಕೆ ಕುರಿ ಬುಡಂಗಿಲ್ಲ. ಈಗ ಎಲ್ಲಾ ಆಂಧ್ರದ ಬೀಳಿನಾಗೆ ಮೇಯ್ತಾವೆ."

"ಮೇವಿನ ಜಾಗ ಅಂತ ಬರೆದು ನೀಲಗಿರಿ ನೆಡದೆ ಬಿಡ್ಬೇಕಾದ್ರೆ ಮೇಯೋದನ್ನ ನಾನು ಕಣ್ಣಾರೆ ನೋಡ್ಬೇಕು," ಅಂದರು ಸಾಹೇಬರು.

"ಸುಗ್ಗಿ ಆದ್ಮೇಲೆ ಬನ್ನಿ ಸಾಮಿ."

"ವರದಿ ಈ ವಾರವೇ ಹೋಗ್ಬೇಕು. ನಾಳಿದ್ದು ಬರ್ತೀನಿ, ಇದ್ರೆ ತೋರಿಸು."

ಸಣ್ಣಮ್ಮ ನನ್ನ ಕಡೆ ತಿರುಗಿದಳು. "ಇದು ಹೋದ್ರೆ ಬ್ಯಾಸ್ಗೇಲಿ ಹೆಂಗೆ ಕಣಮ್ಮ? ಕುರಿ ಮಾರ್ಬುಟ್ಟು ಕೂಲಿಗೋಗದೇಯಾ." ನಾನು ಸಾಹೇಬರಿಗೆ ಬಿಡಿಸಿ ಹೇಳಿದೆ. ಹೂಂ ಹೂಂ ಅಂದು ಜೀಪು ಹತ್ತಿದರು.

ನಡುವಿನ ದಿನ ತಿರುಮಣಿಯ ಕಡೆ ಹೊಲಗಳಲ್ಲಿ ಬಿಸಿಲಿಗೆ ಬೆಂದೆವು. ಅದರ ಮರುದಿನ ಮತ್ತೆ ಕಾವಲಿಗೆ ಬಂದೆವು. ಊರಿನ ಕುರಿಗಳೆಲ್ಲ ಒಳಗಿದ್ದವು. ಬಿಚ್ಚಿದ ಬೇವಿನ ಸೊಪ್ಪು ಕಲ್ಲಿನ ಬುಡದಲ್ಲಿ ಬಿದ್ದಿತ್ತು. ಹಸಿ ನೆಲದಲ್ಲಿ ಎಳೆ ಹುಲ್ಲು ಬೇರು ಸಮೇತ ಕಿತ್ತು ಬರುತ್ತಿತ್ತು, ಉಳಿದದ್ದು ಗೊರಸಿಗೆ ಸಿಕ್ಕಿ ಕೆಸರಾಗಿತ್ತು. ಸಣ್ಣಮ್ಮ ಮಾತ್ರ ಎರಡೂ ಕೈ ಚಾಚಿ, "ನೋಡಿ ಸಾಮಿ, ಎಲ್ಲಾ ನಮ್ಮವೇಯ," ಅನ್ನುತ್ತಿದ್ದಳು.

ಸಾಹೇಬರು ಒಂದು ಸುತ್ತು ಹಾಕಿ ಬಂದು ಬರೆಯತೊಡಗಿದರು. ಏನು ಬರೆದಿರಿ ಎಂದೆ.

"ಮಿತಿಮೀರಿ ಮೇಯಿಸಿ ನೆಲ ಹಾಳು ಮಾಡಿದ್ದಾರೆ. ನೀಲಗಿರಿಗೆ ಯೋಗ್ಯ."

ನನಗೆ ಮೈಯೆಲ್ಲ ಉರಿಯಿತು. "ಮೊನ್ನೆ ಇಲ್ಲಿ ಹುಲ್ಲಿತ್ತಲ್ರೀ! ನೀವು ತೋರಿಸು ಅಂದಿದ್ದಕ್ಕೆ ತಾನೇ ಬಿಟ್ಟಿರೋದು?"

"ಇವತ್ತು ಕಂಡದ್ದನ್ನ ಬರೆದಿದ್ದೀನಿ. ನೀವು ಹುಲ್ಲಿನ ಹೆಸರು ಹೇಳಿ ಮೇಡಂ, ಸಾಕು."

ಹೇಳುವುದಿಲ್ಲ ಅಂದೆ. ಜಗಳಕ್ಕೇ ನಿಂತೆ. ಬಾಷಾ ತಲೆ ತಗ್ಗಿಸಿ ಜೀಪಿನ ಗಾಜು ಒರೆಸುತ್ತಿದ್ದ. ಬರೆದದ್ದರಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ಜೀಪು ಹೊರಡುವಾಗ ಸಣ್ಣಮ್ಮ ನನ್ನ ಪಕ್ಕಕ್ಕೆ ಬಂದಳು. "ನಮ್ಮ ಕುರಿ ಮೇದಿದ್ದು ಬರ್ಕಂಡ್ರಾ ಅಮ್ಮ?"

"ಬರ್ಕೊಂಡ್ರು ಕಣಮ್ಮ," ಅಂದೆ. ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ.

"ಅಂಗಾರೆ ಕಾವಲು ಉಳೀತು ಬುಡಿ."

ಮಧುಗಿರಿಯ ರಸ್ತೆಗೆ ತಿರುಗುವ ಮೊದಲು ಒಮ್ಮೆ ಹಿಂತಿರುಗಿ ನೋಡಿದೆ. ಕುರಿಗಳನ್ನೆಲ್ಲ ಆಚೆ ಹೊಡೆದಿದ್ದರು. ಸಣ್ಣಮ್ಮ ಬಗ್ಗಿ, ಬಾಡಿದ ಬೇವಿನ ಸೊಪ್ಪನ್ನು ಆರಿಸಿಕೊಂಡು ಮತ್ತೆ ಕಲ್ಲಿಗೆ ಕಟ್ಟುತ್ತಿದ್ದಳು.